ಸುಲಭ ಬೆಲೆಯ ಎರಡಾಸನದ ಸ್ಪೋರ್ಟ್ಸ್ ಕಾರುಗಳು: ಕ್ರಯನಿರ್ಣಯ ಮತ್ತು ಮಾರುಕಟ್ಟೆಯ ಸ್ಪರ್ಧೆ

ಸಂಸಾರವನ್ನು ಕೂರಿಸಿಕೊಂಡು ಹೋಗುವುದಾಗಲಿ ಸಾಮಾನು ಸಾಗಿಸುವುದಾಗಲಿ ಮುಖ್ಯ ಉದ್ದೇಶವಾಗಿರದೆ, ಚಾಲಕನೂ ಅವನ ಸಂಗಡಿಗನೊಬ್ಬನೂ ಮಾತ್ರ ಕುಳಿತು, ಓಡಿಸುವ ಸುಖಕ್ಕಾಗಿಯೇ ಓಡಿಸುವಂತೆ ನಿರ್ಮಿತವಾದ ಹಗುರ ಮೋಟಾರು ವಾಹನವೇ ಎರಡಾಸನದ ಸ್ಪೋರ್ಟ್ಸ್ ಕಾರು. ಧನಿಕರಿಗಾಗಿ ಕೈಕೆಲಸದಿಂದ ಸಿದ್ಧವಾಗುವ ಫೆರಾರಿ ಮೊದಲಾದವು ಈ ಜಾತಿಯ ಒಂದು ಶಾಖೆಯಾದರೆ, ಸಂಬಳದ ಮೇಲೆ ಜೀವಿಸುವವನೂ ಕೆಲವು ವರ್ಷಗಳ ಉಳಿತಾಯದಿಂದಲೋ ಕಂತಿನ ಸಾಲದಿಂದಲೋ ಕೊಳ್ಳಬಹುದಾದವು ಮತ್ತೊಂದು ಶಾಖೆ. ಪ್ರಕೃತ ಲೇಖನದ ವಿಷಯ ಈ ಎರಡನೆಯದು. ಇಂಥ ಕಾರಿನ ಬೆಲೆ ಬಹುಮಟ್ಟಿಗೆ ಅದರ ಹೊರಗೇ ನಿಶ್ಚಯವಾಗುತ್ತದೆ: ಅದಕ್ಕೆ ಎಂಜಿನು, ಗೇರುಪೆಟ್ಟಿಗೆ, ಚಕ್ರದ ಅಚ್ಚುಗಳನ್ನು ಎರವಲು ಕೊಡುವ ಸಾಧಾರಣ ಸಂಸಾರದ ಕಾರಿನಲ್ಲಿ, ತಯಾರಾಗುವ ದೇಶಕ್ಕೂ ಮಾರಾಟವಾಗುವ ದೇಶಕ್ಕೂ ನಡುವಣ ನಾಣ್ಯವಿನಿಮಯದಲ್ಲಿ, ಸರ್ಕಾರದ ತೆರಿಗೆಯಲ್ಲಿ. ಈ ಮೂರರ ಅನುಗ್ರಹವಿದ್ದಾಗ ಇವು ಹುಲುಸಾಗಿ ಬೆಳೆದಿವೆ; ಒಂದು ಕೈಬಿಟ್ಟರೂ, ಕೊಳ್ಳುವವರ ಪ್ರೀತಿ ಎಷ್ಟೇ ಇದ್ದರೂ, ಕಾರ್ಖಾನೆಗಳು ಮುಚ್ಚಿವೆ.

ಹೀಗಾಗುವುದಕ್ಕೆ ಕಾರಣ ಸ್ಪಷ್ಟವಾದುದು. ಉಕ್ಕಿನ ತಗಡನ್ನು ಒತ್ತಿ ಮೈಯನ್ನು ರೂಪಿಸುವ ಅಚ್ಚುಗಳಿಗೂ ಎಂಜಿನಿನ ಪರೀಕ್ಷೆಗಳಿಗೂ ಆಗುವ ವೆಚ್ಚ, ಕಾರು ಚಿಕ್ಕದೆಂಬ ಕಾರಣಕ್ಕೆ ಕಡಿಮೆಯಾಗುವುದಿಲ್ಲ. ಐದು ಲಕ್ಷ ಕಾರುಗಳ ಮೇಲೆ ಹಂಚಿಹೋಗಬಹುದಾದ ಹಣವನ್ನು ಇಲ್ಲಿ ಮೂವತ್ತೋ ನಲವತ್ತೋ ಸಾವಿರದ ಮೇಲೆ ಹಂಚಬೇಕಾಗುತ್ತದೆ. ಕೊಳ್ಳುವವನಾದರೋ ಸಾಮಾನ್ಯವಾಗಿ ತರುಣ, ಇಲ್ಲವೆ ಮನೆಯಲ್ಲಿ ಆಗಲೇ ಒಂದು ಕಾರಿದ್ದು ಎರಡನೆಯದನ್ನು ಸಂತೋಷಕ್ಕಾಗಿ ಬಯಸುವವನು. ಬೆಲೆ ಸಂಸಾರದ ಕಾರಿನದಕ್ಕಿಂತ ಬಹಳ ಮೇಲೇರಿದರೆ ಇಬ್ಬರೂ ಹಿಂದೆಗೆಯುತ್ತಾರೆ. ಆದುದರಿಂದ ಇವನ್ನು ಮಾಡಿ ಲಾಭ ಪಡೆದವರಲ್ಲಿ ಹೆಚ್ಚಿನವರು ಹೊಸದಾಗಿ ಮಾಡಿದ್ದು ಕಡಿಮೆ, ಇದ್ದುದನ್ನು ಜಾಣತನದಿಂದ ಜೋಡಿಸಿದ್ದು ಹೆಚ್ಚು.

ಈ ಜೋಡಣೆಯ ಕಲೆಗೆ ಮೊದಲ ಮೇಲ್ಪಂಕ್ತಿಯನ್ನು ಹಾಕಿಕೊಟ್ಟವನು ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ಸಿನ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್. ವಿಲಿಯಂ ಮಾರಿಸನ ಕಾರ್ಖಾನೆ 1928ರಲ್ಲಿ ಹೊರತಂದ ಮಾರಿಸ್ ಮೈನರ್ ಎಂಬ ಪುಟ್ಟ ಕಾರಿನ 847 ಘನ ಸೆಂಟಿಮೀಟರಿನ ಎಂಜಿನನ್ನೂ ಚೌಕಟ್ಟನ್ನೂ ತೆಗೆದುಕೊಂಡು, ಮರದ ಹಂದರದ ಮೇಲೆ ಬಟ್ಟೆ ಬಿಗಿದ ಹಗುರವಾದ ಮೈಯನ್ನು ಹೊದಿಸಿ, ಅದೇ ವರ್ಷ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಆತ ಎಂ.ಜಿ. ಮಿಡ್ಜೆಟ್ ಎಂಬ ಕಾರನ್ನು 175 ಪೌಂಡುಗಳ ಬೆಲೆಗೆ ಮುಂದಿಟ್ಟನು. ಸ್ಪೋರ್ಟ್ಸ್ ಕಾರೆಂದರೆ ಶ್ರೀಮಂತರ ಮಕ್ಕಳ ಸೊತ್ತೆಂಬ ಭಾವನೆ ಬಲವಾಗಿದ್ದ ಆ ಕಾಲದಲ್ಲಿ ಈ ಬೆಲೆ ಒಂದು ಹೊಸ ಗ್ರಾಹಕವರ್ಗವನ್ನೇ ಸೃಷ್ಟಿಸಿತು. ಮೂರು ಸಾವಿರಕ್ಕೂ ಮಿಕ್ಕಿ ಮಾರಾಟವಾದ ಆ ಮಾದರಿಯ ಯಶಸ್ಸಿನಿಂದ ಆಬಿಂಗ್ಡನ್ ಎಂಬ ಸಣ್ಣ ಊರಿನಲ್ಲಿ ನೆಲೆಗೊಂಡ ಎಂ.ಜಿ. ಕಾರ್ಖಾನೆ ಮುಂದೆ ಐವತ್ತು ವರ್ಷಗಳ ಕಾಲ ಈ ವರ್ಗದ ರಾಜಧಾನಿಯಾಗಿತ್ತೆಂದರೆ ಅತಿಶಯೋಕ್ತಿಯಲ್ಲ.

ದ್ವಿತೀಯ ಮಹಾಯುದ್ಧದ ತರುವಾಯ ಸಾಲದಲ್ಲಿ ಮುಳುಗಿದ್ದ ಬ್ರಿಟನ್ನು ಡಾಲರುಗಳನ್ನು ಗಳಿಸುವುದಕ್ಕಾಗಿ ರಫ್ತನ್ನು ರಾಷ್ಟ್ರವ್ರತವೆಂಬಂತೆ ಕೈಗೊಂಡಿತು. ಕಾರ್ಖಾನೆಗಳಿಗೆ ಉಕ್ಕಿನ ಪಾಲು ದೊರೆಯುತ್ತಿದ್ದುದು ಅವುಗಳ ರಫ್ತಿನ ಪ್ರಮಾಣವನ್ನು ಅನುಸರಿಸಿ. ಇಂಗ್ಲೆಂಡಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನಿಕರು ಈ ಪುಟ್ಟ ಕಾರುಗಳ ರುಚಿಯನ್ನು ಕಂಡು ಮನೆಗೆ ಹೋಗಿದ್ದರು. ಆದರೂ 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಮಾದರಿಯ 10,000 ಕಾರುಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಹೋದವು ಸುಮಾರು ಎರಡು ಸಾವಿರ ಮಾತ್ರ. ಬಾಗಿಲನ್ನು ಪೂರ್ತಿಯಾಗಿ ತೆರೆದದ್ದು 1949ರ ಸೆಪ್ಟೆಂಬರಿನಲ್ಲಿ ನಡೆದ ಪೌಂಡಿನ ಅಪಮೌಲ್ಯ. ಒಂದು ಪೌಂಡಿಗೆ 4.03 ಡಾಲರು ಇದ್ದುದು ಒಮ್ಮೆಗೇ 2.80ಕ್ಕೆ ಇಳಿದಾಗ, ಕಾರಿನಲ್ಲಿ ಒಂದು ತಿರುಪನ್ನೂ ಬದಲಿಸದೆ ಅಮೆರಿಕದಲ್ಲಿ ಅದರ ಬೆಲೆಯನ್ನು ಸುಮಾರು ನೂರಕ್ಕೆ ಮೂವತ್ತರಷ್ಟು ತಗ್ಗಿಸಲು ಸಾಧ್ಯವಾಯಿತು. ತರುವಾಯದ ಟಿ.ಡಿ. ಮಾದರಿ ಮೂವತ್ತು ಸಾವಿರದ ಹತ್ತಿರಕ್ಕೆ ಮುಟ್ಟಿತು, 1955ರ ಎಂ.ಜಿ.ಎ. ಒಂದು ಲಕ್ಷವನ್ನು ದಾಟಿತು, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಉತ್ತರ ಅಮೆರಿಕಕ್ಕೇ ಹೋಯಿತು. 1952ರಲ್ಲಿ ಡೊನಾಲ್ಡ್ ಹೀಲಿಯ ಕಾರನ್ನು ಪ್ರದರ್ಶನದಲ್ಲಿ ಕಂಡ ಆಸ್ಟಿನ್ ಸಂಸ್ಥೆಯ ಲೆನರ್ಡ್ ಲಾರ್ಡ್ ಅದನ್ನು ತಾನೇ ತಯಾರಿಸಲು ಒಪ್ಪಿಕೊಂಡದ್ದೂ, ಸ್ಟ್ಯಾಂಡರ್ಡ್ ಸಂಸ್ಥೆಯ ಸರ್ ಜಾನ್ ಬ್ಲ್ಯಾಕ್ ಟ್ರಯಂಫ್ ಟಿ.ಆರ್. 2 ಕಾರನ್ನು ಹೊರಡಿಸಿದ್ದೂ ಈ ಡಾಲರು ಮಾರುಕಟ್ಟೆಯ ಸೆಳೆತದಿಂದಲೇ.

ಸ್ವದೇಶದ ಮಾರುಕಟ್ಟೆಯಲ್ಲಿ ಬೆಲೆಯ ಸೂತ್ರ ಸರ್ಕಾರದ ಕೈಯಲ್ಲಿತ್ತು. ಬ್ರಿಟನ್ನಿನಲ್ಲಿ ಹೊಸ ಕಾರಿನ ಮೇಲೆ ಬೀಳುತ್ತಿದ್ದ ಖರೀದಿ ತೆರಿಗೆ ಎಷ್ಟು ಭಾರವಾಗಿತ್ತೆಂದರೆ, 1962ರಲ್ಲಿ ಬಂದ ಎಂ.ಜಿ.ಬಿ. ಕಾರಿನ ಮೂಲಬೆಲೆ 690 ಪೌಂಡುಗಳಾಗಿದ್ದರೂ ಕೊಳ್ಳುವವನು ತೆರಬೇಕಾಗಿದ್ದುದು ಸುಮಾರು 950 ಪೌಂಡು. ಬಿಡಿಭಾಗಗಳಾಗಿ ಮಾರಿದ, ಕೊಂಡವನು ತಾನೇ ಜೋಡಿಸಿಕೊಳ್ಳುವ ಕಾರಿಗೆ ಈ ತೆರಿಗೆ ಅನ್ವಯಿಸುತ್ತಿರಲಿಲ್ಲ. ಈ ಸಂದಿಯಲ್ಲೇ ಕಾಲಿನ್ ಚಾಪ್‌ಮನ್ 1957ರಿಂದ ತನ್ನ ಲೋಟಸ್ ಸೆವೆನ್ ಕಾರನ್ನು ನಡೆಸಿದನು: ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಮನೆಯ ಷೆಡ್ಡಿನಲ್ಲಿ ಬಿಡುವಿನ ದಿನಗಳಲ್ಲಿ ಜೋಡಿಸಿದ ಗುಮಾಸ್ತನೋ ಶಾಲಾ ಉಪಾಧ್ಯಾಯನೋ, ತನಗಿಂತ ಹತ್ತುಪಟ್ಟು ಹಣವಂತನ ಕಾರಿನೊಡನೆ ಪಂದ್ಯದ ಹಾದಿಯಲ್ಲಿ ಸರಿಸಮವಾಗಿ ಓಡಬಹುದಾಗಿತ್ತು. ಮೋಟಾರು ವಾಹನಗಳ ಚರಿತ್ರೆಯಲ್ಲಿ ಇದಕ್ಕಿಂತ ಪ್ರಜಾಸತ್ತಾತ್ಮಕವಾದ ಅಧ್ಯಾಯ ಮತ್ತೊಂದಿಲ್ಲವೆಂದು ಈ ಲೇಖಕನ ಅಭಿಪ್ರಾಯ. 1973ರಲ್ಲಿ ಖರೀದಿ ತೆರಿಗೆಯ ಸ್ಥಾನಕ್ಕೆ ಮೌಲ್ಯವರ್ಧಿತ ತೆರಿಗೆ ಬಂದೊಡನೆ ಈ ಅನುಕೂಲ ಕೊನೆಗೊಂಡಿತು. ಅದೇ ವರ್ಷ ಲೋಟಸ್ ಸಂಸ್ಥೆ ಸೆವೆನ್ ಕಾರಿನ ಹಕ್ಕುಗಳನ್ನು ಕೇಟರ್‌ಹ್ಯಾಂ ಸಂಸ್ಥೆಗೆ ಮಾರಿಬಿಟ್ಟಿತು.

ಅಗ್ಗದ ಕಾರೆಂದರೆ ಏನನ್ನು ಬಿಡಬೇಕು, ಏನನ್ನು ಬಿಡಬಾರದು ಎಂಬ ವಿವೇಕಕ್ಕೆ 1958ರ ಆಸ್ಟಿನ್-ಹೀಲಿ ಸ್ಪ್ರೈಟ್ ಇಂದಿಗೂ ಪಾಠದಂತಿದೆ. ಆಸ್ಟಿನ್ ಎ 35 ಕಾರಿನ 948 ಘನ ಸೆಂಟಿಮೀಟರಿನ ಎಂಜಿನು, ಯುದ್ಧಾನಂತರದ ಹೊಸ ಮಾರಿಸ್ ಮೈನರಿನ ಸ್ಟಿಯರಿಂಗು. ಹೊರಗಡೆ ಬಾಗಿಲಿಗೆ ಹಿಡಿಯಿಲ್ಲ, ಕಿಟಕಿಗೆ ಏರಿಳಿಯುವ ಗಾಜಿಲ್ಲ, ಹಿಂದುಗಡೆ ಸಾಮಾನುಪೆಟ್ಟಿಗೆಗೆ ಮುಚ್ಚಳವೇ ಇಲ್ಲ. ಚೀಲವನ್ನು ಆಸನಗಳ ಬೆನ್ನ ಹಿಂದಿನಿಂದ ತೂರಿಸಬೇಕು. ಉಪಯೋಗಿಸದಾಗ ಒಳಕ್ಕೆ ಮಡಿಸಿಕೊಳ್ಳುವ ದೀಪಗಳನ್ನಿಡಬೇಕೆಂಬ ಮೂಲ ಯೋಜನೆಯನ್ನು ವೆಚ್ಚದ ಭಯದಿಂದ ಕೈಬಿಟ್ಟು ಅವನ್ನು ಮೂತಿಯ ಮೇಲೆ ಹಾಗೆಯೇ ನಿಲ್ಲಿಸಿದ್ದರಿಂದ ಕಪ್ಪೆಗಣ್ಣಿನದೆಂಬ ಅಡ್ಡಹೆಸರು ಬಂತು. ಉಳಿತಾಯದಿಂದ ಹುಟ್ಟಿದ ಆ ಮುಖವೇ ಜನರ ಮನಸ್ಸನ್ನು ಗೆದ್ದಿತು. ತೆರಿಗೆ ಸೇರಿ 669 ಪೌಂಡುಗಳ ಈ ಕಾರಿನಲ್ಲಿ ತೂಕ ಮಾತ್ರ ಹೆಚ್ಚಾಗಲಿಲ್ಲ, ಸ್ಟಿಯರಿಂಗಿನ ಚುರುಕು ಮಾತ್ರ ಕಡಿಮೆಯಾಗಲಿಲ್ಲ. ಇದಕ್ಕೆ ಪ್ರತಿಯಾಗಿ ಟ್ರಯಂಫ್ ಸಂಸ್ಥೆ ತನ್ನ ಹೆರಾಲ್ಡ್ ಕಾರಿನ ಚೌಕಟ್ಟಿನ ಮೇಲೆ ಇಟಲಿಯ ಮಿಕೆಲೊಟ್ಟಿ ರೂಪಿಸಿದ ಸ್ಪಿಟ್‌ಫೈರನ್ನು 1962ರಲ್ಲಿ ಇಳಿಸಿತು. ಹದಿನೆಂಟು ವರ್ಷಗಳಲ್ಲಿ ಅವು ಮೂರು ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಈ ಸ್ಪರ್ಧೆ ಇಬ್ಬರಿಗೂ ಒಳ್ಳೆಯದನ್ನೇ ಮಾಡಿತ್ತು: ಒಬ್ಬರು ಏರಿಳಿಯುವ ಕಿಟಕಿಗಾಜನ್ನು ಇಟ್ಟರೆ ಇನ್ನೊಬ್ಬರೂ ಇಡಬೇಕಾಗುತ್ತಿತ್ತು, ಒಬ್ಬರು ಎಂಜಿನನ್ನು ಹಿಗ್ಗಿಸಿದರೆ ಇನ್ನೊಬ್ಬರೂ ಹಿಗ್ಗಿಸುತ್ತಿದ್ದರು. 1968ರಲ್ಲಿ ಎಂ.ಜಿ.ಯೂ ಟ್ರಯಂಫೂ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಸಂಸ್ಥೆಯ ಕೆಳಗೆ ಬಂದಮೇಲೆ ಆ ಪ್ರಚೋದನೆ ನಷ್ಟವಾಯಿತು. ಹಳೆಯ ಪ್ರತಿಸ್ಪರ್ಧಿಗಳು ಒಂದೇ ಬೊಕ್ಕಸಕ್ಕೆ ಕೈಯೊಡ್ಡುವ ದಾಯಾದಿಗಳಾಗಿ, ಎಂ.ಜಿ.ಬಿ. ಕಾರಿಗೆ ಉತ್ತರಾಧಿಕಾರಿಯೇ ಹುಟ್ಟಲಿಲ್ಲ.

ಇತ್ತ ಅಮೆರಿಕದ ತಯಾರಕರು ಈ ಕ್ಷೇತ್ರಕ್ಕೆ ಕೈಹಾಕಿದ ರೀತಿ ಬೇರೆ. 1953ರಲ್ಲಿ 3,498 ಡಾಲರುಗಳ ಬೆಲೆಯೊಡನೆ ಬಂದ ಶೆವ್ರಲೆ ಕಾರ್ವೆಟ್ ಆ ವರ್ಷ 300 ಮಾತ್ರ ತಯಾರಾಯಿತು. ಮರುವರ್ಷ ಬೆಲೆ ತಗ್ಗಿಸಿದರೂ ಜನ ಮುಗಿಬೀಳಲಿಲ್ಲ. ಅದು ಉಳಿದುಕೊಂಡದ್ದು ಶಕ್ತಿಯನ್ನೂ ಬೆಲೆಯನ್ನೂ ಏರಿಸಿಕೊಂಡು ಈ ವರ್ಗದಿಂದಲೇ ಹೊರಗೆ ನಡೆದದ್ದರಿಂದ. ಫೋರ್ಡ್ ಸಂಸ್ಥೆ 1955ರ ತನ್ನ ಎರಡಾಸನದ ಥಂಡರ್‌ಬರ್ಡಿಗೆ ಮೂರೇ ವರ್ಷಗಳಲ್ಲಿ ಹಿಂದಿನ ಆಸನವನ್ನು ಸೇರಿಸಿ ಮಾರಾಟವನ್ನು ಹೆಚ್ಚಿಸಿಕೊಂಡಿತು. ಅದೇ ಸಂಸ್ಥೆ 1964ರಲ್ಲಿ 2,368 ಡಾಲರುಗಳಿಗೆ ಹೊರಡಿಸಿದ ಮಸ್ಟಾಂಗ್, ಫಾಲ್ಕನ್ ಎಂಬ ಸಾಧಾರಣ ಕಾರಿನ ಅವಯವಗಳ ಮೇಲೆ ನಾಲ್ಕು ಆಸನಗಳನ್ನಿಟ್ಟು ಸ್ಪೋರ್ಟ್ಸ್ ಕಾರಿನ ಠೀವಿಯನ್ನು ಹೊದಿಸಿದ ವಾಹನ; ಒಂದು ವರ್ಷದೊಳಗೆ ನಾಲ್ಕು ಲಕ್ಷಕ್ಕೂ ಮೀರಿ ಅದು ಮಾರಾಟವಾದದ್ದನ್ನು ನೋಡಿದರೆ, ಎರಡಾಸನದ ಕಾರಿನ ಪ್ರಬಲ ಶತ್ರು ಮತ್ತೊಂದು ಎರಡಾಸನದ ಕಾರಾಗಿರದೆ, ಹಿಂದೆ ಮಕ್ಕಳನ್ನು ಕೂರಿಸಬಹುದಾದ ಕಾರೇ ಎಂಬುದು ಮನದಟ್ಟಾಗುತ್ತದೆ. ಯೂರೋಪಿನಲ್ಲಿ ಇದೇ ಕಾರ್ಯವನ್ನು 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿ.ಟಿ.ಐ. ನೆರವೇರಿಸಿತು. 110 ಅಶ್ವಶಕ್ತಿಯ ಆ ಪೆಟ್ಟಿಗೆಯಾಕಾರದ ಕಾರು ಎಂ.ಜಿ.ಬಿ.ಯನ್ನು ಹಿಂದೆ ಹಾಕಿ ಓಡುತ್ತಿತ್ತು, ಮಳೆಯಲ್ಲಿ ಸೋರುತ್ತಿರಲಿಲ್ಲ, ಸಂತೆಯ ಸಾಮಾನನ್ನೂ ಹೊರುತ್ತಿತ್ತು.

ಬ್ರಿಟಿಷ್ ಕಾರುಗಳ ಸಿಂಹಾಸನವನ್ನು ಅಮೆರಿಕದಲ್ಲಿ ಅಲುಗಿಸಿದ್ದು ಜಪಾನು. ಅಮೆರಿಕದಲ್ಲಿ ನಿಸ್ಸಾನ್ ಸಂಸ್ಥೆಯ ಪ್ರತಿನಿಧಿಯಾಗಿದ್ದ ಯುಟಾಕಾ ಕಟಯಾಮನ ಒತ್ತಾಸೆಯಿಂದ ಬಂದ ಡಾಟ್ಸನ್ 240 ಜೆಡ್, ಆರು ಸಿಲಿಂಡರುಗಳ 2.4 ಲೀಟರ್ ಎಂಜಿನು, ಗಟ್ಟಿಯಾದ ಛಾವಣಿ, ಬೆಳಗಿನ ಚಳಿಯಲ್ಲೂ ತಪ್ಪದೆ ಸ್ಟಾರ್ಟಾಗುವ ಸೌಜನ್ಯ ಇವೆಲ್ಲವನ್ನೂ 3,526 ಡಾಲರುಗಳಿಗೆ ಕೊಟ್ಟಿತು. ಬೆಲೆಯಲ್ಲಿ ಎಂ.ಜಿ.ಯ ನೆರೆಯವನು, ಗುಣದಲ್ಲಿ ಜಾಗ್ವಾರ್ ಮತ್ತು ಪೋರ್ಷೆಗಳ ನೆರೆಯವನು. ಮಾರಾಟಗಾರರ ಅಂಗಡಿಗಳಲ್ಲಿ ಕಾಯುವವರ ಪಟ್ಟಿ ಬೆಳೆಯಿತು, ನಿಗದಿತ ಬೆಲೆಯ ಮೇಲೆ ಹೆಚ್ಚು ಹಣ ಕೇಳುವ ಪದ್ಧತಿಯೂ ಬೆಳೆಯಿತು. ಇದಕ್ಕೆ ಎದುರಾಗಿ ಬ್ರಿಟಿಷ್ ಲೇಲ್ಯಾಂಡ್ ಮಾಡಿದ್ದು ಬಹು ಅಲ್ಪ. ಅಮೆರಿಕದ ಹೊಗೆನಿಯಮಗಳಿಂದ ಎಂಜಿನಿನ ಬಲ ಕುಂದಿತು. ಬಂಪರಿನ ನಿಯಮಗಳಿಗಾಗಿ 1974ರಲ್ಲಿ ಎಂ.ಜಿ.ಬಿ.ಗೆ ಕಪ್ಪು ರಬ್ಬರಿನ ಮೂತಿಯನ್ನು ಅಂಟಿಸಿ, ಮೈಯನ್ನು ನೆಲದಿಂದ ಮೇಲೆತ್ತಿ, ಅದರ ನಡೆಯನ್ನೇ ಕೆಡಿಸಲಾಯಿತು. ಕೊನೆಯ ಪೆಟ್ಟು ವಿನಿಮಯದ ಕಡೆಯಿಂದ ಬಂತು: ಉತ್ತರ ಸಮುದ್ರದ ಎಣ್ಣೆಯೂ ಏರಿಸಿದ ಬಡ್ಡಿದರವೂ ಸೇರಿ 1980ರ ಹೊತ್ತಿಗೆ ಪೌಂಡನ್ನು 2.40 ಡಾಲರಿನ ಮೇಲಕ್ಕೆ ಒಯ್ದಾಗ, ಅಮೆರಿಕದಲ್ಲಿ ಮಾರಿದ ಒಂದೊಂದು ಎಂ.ಜಿ.ಬಿ.ಯಲ್ಲೂ ನಷ್ಟವೇ ಉಂಟಾಗುತ್ತಿತ್ತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಕಂಡ ಆ ಮಾದರಿಯೂ, ಆಬಿಂಗ್ಡನ್ ಕಾರ್ಖಾನೆಯೂ 1980ರ ಅಕ್ಟೋಬರಿನಲ್ಲಿ ಒಟ್ಟಿಗೇ ಕಣ್ಮುಚ್ಚಿದವು.

ಗೆದ್ದ ಜಪಾನೀ ಕಾರುಗಳಾದರೂ ಅಗ್ಗವಾಗಿಯೇ ಉಳಿಯಲಿಲ್ಲ. ಪ್ರತಿಯೊಂದು ಹೊಸ ಪೀಳಿಗೆಯೂ ಹಿಂದಿನದಕ್ಕಿಂತ ಸ್ವಲ್ಪ ದೊಡ್ಡದು, ಸ್ವಲ್ಪ ಮೆತ್ತನೆಯದು, ಸ್ವಲ್ಪ ಬಲಿಷ್ಠವಾದುದು. ಹಳೆಯ ಗ್ರಾಹಕನಿಗೆ ವಯಸ್ಸೂ ಸಂಬಳವೂ ಏರಿದಂತೆ ಕಾರೂ ಅವನ ಜೊತೆಯಲ್ಲೇ ಏರಿತು, ಹೊಸ ತರುಣನಿಗೆ ಕೆಳಗೆ ಮೆಟ್ಟಿಲೇ ಇಲ್ಲದಂತಾಯಿತು. 240 ಜೆಡ್ ವಂಶದ 300 ಜೆಡ್ಎಕ್ಸ್ ನಲವತ್ತು ಸಾವಿರ ಡಾಲರುಗಳನ್ನು ಮೀರಿ 1996ರಲ್ಲಿ ಅಮೆರಿಕದ ಮಾರುಕಟ್ಟೆಯನ್ನು ಬಿಟ್ಟಿತು. 1978ರಲ್ಲಿ ಏಳು ಸಾವಿರ ಡಾಲರುಗಳ ಒಳಗೇ ದೊರೆಯುತ್ತಿದ್ದ ಮಜ್ದಾ ಆರ್.ಎಕ್ಸ್-7 ಅದಕ್ಕೆ ಒಂದು ವರ್ಷ ಮುಂಚೆಯೇ ಹೋಗಿತ್ತು. 1970ರಲ್ಲಿ ಡಾಲರಿಗೆ 360 ಯೆನ್ ಇದ್ದುದು 1995ರಲ್ಲಿ ನೂರಕ್ಕೂ ಕೆಳಗಿಳಿದದ್ದು ಇದಕ್ಕೆ ದೊಡ್ಡ ಕಾರಣ. ಅಂಕೆಯಿಲ್ಲದ ಮಹತ್ತ್ವಾಕಾಂಕ್ಷೆ ಮತ್ತೊಂದು.

ಅಮೆರಿಕದ ಜನರಲ್ ಮೋಟರ್ಸ್ 1983ರಲ್ಲಿ ಹೊರತಂದ ಪಾಂಟಿಯಾಕ್ ಫಿಯೆರೊ ಕಾರಿನ ಕಥೆ ಮನಸ್ಸಿಗೆ ನೋವುಂಟುಮಾಡುವಂಥದು. ಎಂಜಿನನ್ನು ಆಸನಗಳ ಹಿಂದೆ ಇರಿಸಿದ್ದ ಈ ಕಾರು 7,999 ಡಾಲರುಗಳ ಆರಂಭಬೆಲೆಗೆ ಮೊದಲ ವರ್ಷವೇ 1,36,840 ಮಾರಾಟವಾಗಿ ಪ್ರತಿಸ್ಪರ್ಧಿಗಳನ್ನು ಬೆರಗುಗೊಳಿಸಿತು. ಆದರೆ ಎರವಲಿನ ವಿದ್ಯೆ ಇಲ್ಲಿ ಹದ ತಪ್ಪಿತ್ತು: ಮುಂಗಡೆಯ ಸಸ್ಪೆನ್ಷನ್ ಶೆವೆಟ್ ಎಂಬ ಅಗ್ಗದ ಕಾರಿನದು, ಹಿಂಗಡೆಯದು ಸೈಟೇಷನ್ ಕಾರಿನ ಮುಂಭಾಗದ್ದು, ನಾಲ್ಕು ಸಿಲಿಂಡರಿನ ಎಂಜಿನು ಮಂದವಾದುದು, ಓಟದ ಕಾರಿನ ರೂಪ ಕೊಟ್ಟ ಮಾತನ್ನು ಯಂತ್ರ ಉಳಿಸಲಿಲ್ಲ. ಎಂಜಿನಿಗೆ ಬೆಂಕಿ ಹತ್ತುವ ಸುದ್ದಿಗಳು ಹರಡಿದವು, ತರುಣರು ಓಡಿಸುವ ಎರಡಾಸನದ ಕಾರುಗಳಿಗೆ ವಿಮೆಯ ಕಂತು ಏರಿತು, 1984ರಲ್ಲಿ ಬಂದ ಟೊಯೋಟ ಎಂ.ಆರ್. 2 ಅದೇ ವಿನ್ಯಾಸವನ್ನು ಹೆಚ್ಚು ನಿರ್ದುಷ್ಟವಾಗಿ ಮಾಡಿ ತೋರಿಸಿತು. 1988ರಲ್ಲಿ ಫಿಯೆರೊಗೆ ಕಡೆಗೂ ತನ್ನದೇ ಆದ ಸಸ್ಪೆನ್ಷನ್ ದೊರೆತ ವರ್ಷವೇ ಅದರ ತಯಾರಿಕೆ ನಿಂತುಹೋಯಿತು.

ಈ ಎಲ್ಲ ಅನುಭವಗಳ ಸಾರವನ್ನು ಹೀರಿದಂತೆ ತೋರುವುದು ಮಜ್ದಾ ಎಂ.ಎಕ್ಸ್-5. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಮೋಟಾರು ಪತ್ರಕರ್ತ, ಹಳೆಯ ಇಂಗ್ಲಿಷ್ ಕಾರುಗಳಂಥ ಸರಳವಾದ ತೆರೆದ ಕಾರನ್ನು ಮಾಡಬೇಕೆಂದು ಮಜ್ದಾ ಸಂಸ್ಥೆಯ ಹಿರಿಯ ಎಂಜಿನಿಯರ್ ಕೆನಿಚಿ ಯಮಾಮೊಟೊಗೆ ಹೇಳಿದನು. ಕೆಲಕಾಲದ ಮೇಲೆ ಹಾಲ್ ತಾನೇ ಸಂಸ್ಥೆಯನ್ನು ಸೇರಿದನು, ಯಮಾಮೊಟೊ ಸಂಸ್ಥೆಯ ಅಧ್ಯಕ್ಷನಾದನು. ಮುಂದಿನ ಚಕ್ರಗಳಿಂದ ಓಡುವುದೋ, ಎಂಜಿನು ನಡುವಿನಲ್ಲಿರುವುದೋ, ಮುಂದೆ ಎಂಜಿನಿದ್ದು ಹಿಂದಿನ ಚಕ್ರಗಳಿಂದ ಓಡುವುದೋ ಎಂಬ ಮೂರು ವಿನ್ಯಾಸಗಳನ್ನು ತೂಗಿ ನೋಡಿ, ಕ್ಯಾಲಿಫೋರ್ನಿಯದ ತಂಡ ಸೂಚಿಸಿದ ಮೂರನೆಯದನ್ನು ಆರಿಸಲಾಯಿತು. ಮೊದಲೆರಡು ಇದ್ದ ಅವಯವಗಳಿಂದ ಸುಲಭವಾಗಿ ಸಿದ್ಧವಾಗುತ್ತಿದ್ದವು. ಮೂರನೆಯದಕ್ಕೆ ಹೊಸ ಅಡಿಪಾಯವೇ ಬೇಕಾಗಿತ್ತು. ತೋಷಿಹಿಕೊ ಹಿರಾಯ್ ನೇತೃತ್ವದ ಎಂಜಿನಿಯರುಗಳು ಹಣವನ್ನು ಸಸ್ಪೆನ್ಷನ್ನಿಗೂ ಚೌಕಟ್ಟಿನ ಬಿಗಿಗೂ ಸುರಿದು, 1.6 ಲೀಟರಿನ ಎಂಜಿನನ್ನು 323 ಎಂಬ ಸಂಸಾರದ ಕಾರಿನ ಬಳಗದಿಂದ ಪಡೆದರು. ಕೈಗೆ ತಿಳಿಯುವಲ್ಲಿ ಖರ್ಚು, ಕಣ್ಣಿಗೆ ಕಾಣದಲ್ಲಿ ಉಳಿತಾಯ. 1989ರ ಫೆಬ್ರವರಿಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಕಾರಿಗೆ ಅಮೆರಿಕದಲ್ಲಿ 13,800 ಡಾಲರುಗಳ ಆರಂಭಬೆಲೆ. ಅದಕ್ಕೆ ಹವಾನಿಯಂತ್ರಣವಿಲ್ಲ, ಪವರ್ ಸ್ಟಿಯರಿಂಗ್ ಇಲ್ಲ, ಉಕ್ಕಿನ ಚಕ್ರಗಳು. ಬೇಡಿಕೆಯ ಭರದಲ್ಲಿ ಮಾರಾಟಗಾರರು ಇದರ ಮೇಲೆ ಸಾವಿರಾರು ಡಾಲರುಗಳನ್ನು ಹೆಚ್ಚಾಗಿ ಕೇಳಿದರು, ಜನ ಕೊಟ್ಟರು. ಅದೇ ವರ್ಷ ಲೋಟಸ್ ಸಂಸ್ಥೆ ಇಂಗ್ಲೆಂಡಿನಲ್ಲಿ ಇಳಿಸಿದ ಹೊಸ ಎಲಾನ್ ವೇಗದಲ್ಲಿ ಇದನ್ನು ಮೀರಿಸಿದ್ದರೂ ಬೆಲೆಯಲ್ಲಿ ಬಹಳ ಮೇಲಿದ್ದು ಅಲ್ಪಾಯುವಾಯಿತು.

ಮಜ್ದಾದ ನಿಜವಾದ ಸಾಧನೆ ಅನಂತರದ ಸಂಯಮದಲ್ಲಿದೆ. 2016ರ ನಾಲ್ಕನೆಯ ಪೀಳಿಗೆಯ ಕಾರಿಗೆ ಅಮೆರಿಕದಲ್ಲಿ ಆರಂಭಬೆಲೆ 24,915 ಡಾಲರು. ಹಣದುಬ್ಬರವನ್ನು ಲೆಕ್ಕಕ್ಕೆ ಹಿಡಿದರೆ 1989ರ 13,800 ಡಾಲರು ಆ ಹೊತ್ತಿಗೆ ಇಪ್ಪತ್ತಾರು ಸಾವಿರಕ್ಕೂ ಮಿಕ್ಕಿದ ಮೊತ್ತಕ್ಕೆ ಸಮ. ಎಂದರೆ ಇಪ್ಪತ್ತೇಳು ವರ್ಷಗಳ ಸುರಕ್ಷಾ ನಿಯಮಗಳನ್ನೂ ಸೌಕರ್ಯಗಳನ್ನೂ ಹೊತ್ತುಕೊಂಡ ಮೇಲೂ ಕಾರು ವಾಸ್ತವವಾಗಿ ಅಗ್ಗವೇ ಆಗಿತ್ತು, ತೂಕವೂ ಒಂದು ಟನ್ನಿನ ಆಸುಪಾಸಿನಲ್ಲೇ ನಿಂತಿತ್ತು. 2000ದಲ್ಲಿ ಗಿನ್ನೆಸ್ ದಾಖಲೆಯಲ್ಲಿ ಅತ್ಯಧಿಕ ಮಾರಾಟವಾದ ಎರಡಾಸನದ ಸ್ಪೋರ್ಟ್ಸ್ ಕಾರೆಂದು ಸೇರಿದ ಈ ಮಾದರಿ 2016ರ ಏಪ್ರಿಲಿನಲ್ಲಿ ಹತ್ತು ಲಕ್ಷವನ್ನು ಮುಟ್ಟಿತು.

ಇದರ ಗೆಲುವನ್ನು ಕಂಡು ಬಂದವರು ಅನೇಕರು. ಫಿಯಟ್ ಬಾರ್ಕೆಟ್ಟಾ, ಎಂ.ಜಿ.ಎಫ್. ಇವು ಬಹುಮಟ್ಟಿಗೆ ಅಮೆರಿಕದ ಹೊರಗೇ ಉಳಿದವು. 28,750 ಡಾಲರುಗಳ ಬಿ.ಎಂ.ಡಬ್ಲ್ಯು. ಜೆಡ್ 3, 39,980 ಡಾಲರುಗಳ ಪೋರ್ಷೆ ಬಾಕ್ಸ್‌ಸ್ಟರ್ ಇವು ಮೇಲಿನ ಮೆಟ್ಟಿಲುಗಳನ್ನು ಹಿಡಿದವು. ಜಪಾನಿನೊಳಗೆ 660 ಘನ ಸೆಂಟಿಮೀಟರಿನ ಮಿತಿಗೆ ದೊರೆಯುವ ತೆರಿಗೆಯ ರಿಯಾಯಿತಿಯನ್ನು ಆಶ್ರಯಿಸಿ 1991ರಲ್ಲಿ ಹೋಂಡಾ ಬೀಟ್, ಸುಜುಕಿ ಕಪುಚಿನೊ ಹುಟ್ಟಿದವು. ಬೀಟ್ ಕಾರಿನ ಬೆಲೆ 13,88,000 ಯೆನ್, ಅಲ್ಲಿ ಮಜ್ದಾದ ಕಾರಿಗೆ 17 ಲಕ್ಷ ಯೆನ್. ಅಮೆರಿಕದಲ್ಲಿ ಜನರಲ್ ಮೋಟರ್ಸಿನ ಹಿರಿಯ ಅಧಿಕಾರಿ ಬಾಬ್ ಲಟ್ಸನ ಆಸಕ್ತಿಯ ಫಲವಾಗಿ ಬಂದ ಪಾಂಟಿಯಾಕ್ ಸಾಲ್‌ಸ್ಟಿಸ್ ಇಪ್ಪತ್ತು ಸಾವಿರ ಡಾಲರುಗಳ ಗೆರೆಯನ್ನು ಐದು ಡಾಲರುಗಳಿಂದ ಮಾತ್ರ ತಪ್ಪಿಸಿಕೊಂಡು 19,995ಕ್ಕೆ ಮಾರಾಟಕ್ಕೆ ನಿಂತಿತು. ರೂಪದಲ್ಲಿ ಮೋಹಕ, ಸಾಮಾನಿಗೆ ಜಾಗವಿಲ್ಲ. ಕಾರಿನ ಗುಣದೋಷಗಳು ಇತ್ಯರ್ಥವಾಗುವ ಮೊದಲೇ 2009ರಲ್ಲಿ ಮಾತೃಸಂಸ್ಥೆಯ ದಿವಾಳಿಯೊಡನೆ ಅದೂ ಮುಳುಗಿತು. ಈಚಿನ ಮಾರ್ಗ ಪ್ರತಿಸ್ಪರ್ಧಿಗಳೇ ವೆಚ್ಚವನ್ನು ಹಂಚಿಕೊಳ್ಳುವುದು: ಟೊಯೋಟ ಮತ್ತು ಸುಬಾರು 2012ರಲ್ಲಿ ಜಂಟಿಯಾಗಿ ಒಂದು ಕಾರನ್ನು ರಚಿಸಿದವು, 2016ರ ಫಿಯಟ್ 124 ಸ್ಪೈಡರ್, ಇಟಲಿಯ ಎಂಜಿನನ್ನು ಹೊತ್ತು, ಹಿರೋಷಿಮದಲ್ಲಿ ಎಂ.ಎಕ್ಸ್-5 ಜೊತೆಯಲ್ಲೇ ತಯಾರಾಯಿತು.

ಭಾರತದಲ್ಲಿ ಈ ವರ್ಗ ಬೇರೂರಲಿಲ್ಲ. ಮನೆಗೆ ಒಂದು ಕಾರು ಬರುವುದೇ ಬಹುಕಾಲದ ಹಾರೈಕೆಯಾಗಿದ್ದ ನಾಡಿನಲ್ಲಿ ಎರಡೇ ಆಸನಗಳ ಕಾರಿಗೆ ಸ್ಥಳವೆಲ್ಲಿ? ಓಟದ ಸುಖವನ್ನು ಬಯಸಿದ ನಮ್ಮ ತರುಣರ ಅಭಿಲಾಷೆಯನ್ನು ಮೋಟಾರು ಸೈಕಲ್ಲು ತುಂಬಿಕೊಟ್ಟಿತು. ಇಂಗ್ಲೆಂಡಿನ ಹುಡುಗನಿಗೆ ಮಿಡ್ಜೆಟ್ ಯಾವುದಾಗಿತ್ತೋ ನಮ್ಮಲ್ಲಿ ಅದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿ.ಸಿ. ಗಾಡಿಯಾಗಿತ್ತು. 1990ರ ದಶಕದ ಕೊನೆಗೆ ಗೋವೆಯಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್, ಫೈಬರ್‌ಗ್ಲಾಸಿನ ಮೈಯೊಳಗೆ ರೆನೋದ ಸಣ್ಣ ಎಂಜಿನನ್ನಿಟ್ಟ ಎರಡಾಸನದ ತೆರೆದ ಕಾರು, ಧೈರ್ಯದ ಪ್ರಯತ್ನ. ಆದರೆ ದೇಶದೊಳಗಿನ ಯಾವ ಜನಪ್ರಿಯ ಕಾರಿನ ಅವಯವಗಳೂ ಬೆನ್ನಿಗಿಲ್ಲದ ಅದು ಬೆರಳೆಣಿಕೆಯ ಕೊಳ್ಳುಗರಲ್ಲೇ ನಿಂತಿತು. ತೆರಿಗೆಯ ವ್ಯವಸ್ಥೆಯೂ ಅನುಕೂಲವಾಗಿಲ್ಲ. ನಾಲ್ಕು ಮೀಟರಿಗೆ ಮೀರದ ಉದ್ದ, ಪೆಟ್ರೋಲಾದರೆ 1,200 ಸಿ.ಸಿ.ಗೆ ಮೀರದ ಎಂಜಿನು, ಇವೆರಡೂ ಇರುವ ಕಾರಿಗೆ ಮಾತ್ರ ಸಣ್ಣ ಕಾರಿನ ರಿಯಾಯಿತಿ; ಉದ್ದದಲ್ಲಿ ಈ ಮಿತಿಯೊಳಗೇ ಬರುವ ಎಂ.ಎಕ್ಸ್-5 ತನ್ನ 1.5 ಲೀಟರಿನ ಎಂಜಿನಿನಿಂದ ಅದನ್ನು ಕಳೆದುಕೊಳ್ಳುತ್ತದೆ. ಮೇಲಾಗಿ ಮಜ್ದಾ ಸಂಸ್ಥೆ ಭಾರತದಲ್ಲಿ ಕಾರುಗಳನ್ನು ಮಾರುವುದೇ ಇಲ್ಲ. ಈಗ ಚೀನದ ಒಡೆತನದಲ್ಲಿರುವ ಎಂ.ಜಿ. ಹೆಸರಿನಲ್ಲಿ 2025ರಲ್ಲಿ ಭಾರತಕ್ಕೆ ಬಂದ ಸೈಬರ್‌ಸ್ಟರ್ ಎರಡಾಸನದ ವಿದ್ಯುತ್ ಕಾರು. ಬಂದಾಗಿನ ಬೆಲೆ ಸುಮಾರು 75 ಲಕ್ಷ ರೂಪಾಯಿ, ತೂಕ ಎರಡು ಟನ್ನಿನ ಹತ್ತಿರ.

ಬ್ಯಾಟರಿಯ ಭಾರವೂ ಬೆಲೆಯೂ ತಗ್ಗುವವರೆಗೆ ಅಗ್ಗವಾದ ವಿದ್ಯುತ್ ಸ್ಪೋರ್ಟ್ಸ್ ಕಾರು ದುಸ್ಸಾಧ್ಯ. ಪೆಟ್ರೋಲಿನವಕ್ಕೆ ನಿಯಮಗಳ ಹೊರೆ ಬೇರೆ. ಯೂರೋಪಿನ ಒಕ್ಕೂಟ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯಗೊಳಿಸಿದ ಸುರಕ್ಷಾ ಸಲಕರಣೆಗಳನ್ನು ಅಳವಡಿಸುವ ಖರ್ಚು, ಲಕ್ಷಗಟ್ಟಲೆ ಮಾರಾಟವಾಗುವ ಕಾರಿಗೆ ಅಷ್ಟಾಗಿ ತಟ್ಟದಿದ್ದರೂ, ಸಾವಿರಗಳಲ್ಲಿ ಮಾರಾಟವಾಗುವುದಕ್ಕೆ ಪ್ರಾಣಾಂತಿಕವಾಗುತ್ತದೆ. ಸುಬಾರು ಜೊತೆಗಿನ ಆ ಜಂಟಿ ಕಾರಿನ ಮುಂದಿನ ಪೀಳಿಗೆಯಾದ ಟೊಯೋಟ ಸಂಸ್ಥೆಯ ಜಿ.ಆರ್. 86, ಕೊಳ್ಳುವವರು ಸಾಲುಗಟ್ಟಿ ನಿಂತಿರುವಾಗಲೇ, ಈ ಕಾರಣದಿಂದ ಅಲ್ಲಿನ ಮಾರುಕಟ್ಟೆಯಿಂದ ಹೊರಬಿದ್ದಿತು. ಸಾಮಾನ್ಯ ಸಂಬಳದವನಿಗೆ ಎಟುಕುವ ಬೆಲೆಯಲ್ಲಿ ದೊಡ್ಡ ತಯಾರಕರು ಅಲ್ಲಿ ಮಾರುವ ತೆರೆದ ಎರಡಾಸನದ ಪೆಟ್ರೋಲ್ ಕಾರುಗಳಲ್ಲಿ ಉಳಿದಿರುವುದು ಎಂ.ಎಕ್ಸ್-5 ಒಂದೇ ಎನ್ನಬಹುದಾಗಿದೆ.